ಬೆನ್ನ ಮೇಲೆ ವಜ್ರ ಹೊತ್ತ ಪುಟ್ಟ ಪತಂಗ



ಸಂಜೆ ದೀಪ ಹೊತ್ತಿಸಿದ ಸ್ವಲ್ಪ ಹೊತ್ತಿಗೆಲ್ಲ ಅದರ ಸುತ್ತ ಬಗೆಬಗೆಯ ಹಾತೆಗಳು ಬಂದು ಮುತ್ತುವುದನ್ನು ನೀವು ನೋಡಿದ್ದೀರಿ. ಅವುಗಳಲ್ಲಿ ದೊಡ್ಡದಾಗಿ, ಬಣ್ಣಬಣ್ಣವಾಗಿ ಇರುವ ಒಂದೆರಡನ್ನು ಬಿಟ್ಟರೆ ಉಳಿದವುಗಳ ಕಡೆ ನಮ್ಮ ಗಮನ ಹೋಗುವುದು ಕಡಿಮೆ. ‘ದೀಪದ ಹುಳು’ ಎಂಬ ಒಂದೇ ಹೆಸರಿನಲ್ಲಿ ಎಲ್ಲವನ್ನೂ ಸೇರಿಸಿ ಸುಮ್ಮನಾಗುತ್ತೇವೆ. ಹೀಗೆ ನಮ್ಮ ಕಣ್ಣು ತಪ್ಪಿಸಿಕೊಳ್ಳುವ ಒಂದು ಪುಟ್ಟ ಪತಂಗದ ವಿಷಯವನ್ನು ಇಂದು ತಿಳಿದುಕೊಳ್ಳೋಣ. ಕುಳಿತಾಗ ಇದರ ಉದ್ದ ಹೆಚ್ಚು ಕಡಿಮೆ ಒಂದು ಅಕ್ಕಿಕಾಳಿನಷ್ಟು. ಆದರೆ ಇದರಿಂದಾಗುವ ಬೆಳೆನಷ್ಟ ಮತ್ತು ಇದರ ಹತೋಟಿಯ ವೆಚ್ಚ ಎರಡನ್ನೂ ಕೂಡಿಸಿದರೆ ಪ್ರಪಂಚದಲ್ಲಿ ವರ್ಷಕ್ಕೆ 400ರಿಂದ 500 ಕೋಟಿ ಡಾಲರುಗಳಾಗುತ್ತದೆಂದು 2012ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಇದೇ ವಜ್ರಬೆನ್ನಿನ ಪತಂಗ. ವಿಜ್ಞಾನಿಗಳು ಇದನ್ನು ಪ್ಲುಟೆಲ್ಲಾ ಕ್ಸೈಲೋಸ್ಟೆಲ್ಲಾ ಎಂದು ಕರೆಯುತ್ತಾರೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳಲ್ಲಿ ಎಲೆಕೋಸು, ಹೂಕೋಸು ಬೆಳೆಯುವ ರೈತರಿಗೆ ಇದರ ಮರಿಹುಳುವಿನ ಪರಿಚಯ ಚೆನ್ನಾಗಿಯೇ ಇದೆ.

ಇಷ್ಟು ಚಿಕ್ಕ ಜೀವಿಯನ್ನು ಗುರುತಿಸುವುದು ಹೇಗೆ? ಅದನ್ನು ಯಾವ ಗುಂಪಿಗೆ ಸೇರಿಸಬೇಕೆಂದು ನಿರ್ಧರಿಸುವುದು ಹೇಗೆ? ಹಾಗೆ ನಿರ್ಧರಿಸುವುದರಿಂದ ಯಾರಿಗೆ ಏನು ಪ್ರಯೋಜನ? ಈ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಮೊದಲು ರೂಪ. ಪತಂಗ ರೆಕ್ಕೆ ಬಿಚ್ಚಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 12ರಿಂದ 15 ಮಿಲಿಮೀಟರ್ ಅಗಲ. ಬಣ್ಣ ಬೂದು ಬೆರೆತ ಕಂದು. ಮುಂದಿನ ರೆಕ್ಕೆಯ ಹಿಂಬದಿಯ ಅಂಚಿನುದ್ದಕ್ಕೂ ಕೆನೆಬಣ್ಣದ ಒಂದು ಪಟ್ಟಿ ಇದೆ. ಈ ಪಟ್ಟಿಯ ಅಂಚು ನೇರವಾಗಿಲ್ಲ, ಅಲೆಅಲೆಯಾಗಿದೆ. ಪತಂಗ ಕುಳಿತು ಎರಡೂ ರೆಕ್ಕೆಗಳನ್ನು ಮನೆಯ ಸೂರಿನಂತೆ ಮೈಮೇಲೆ ಮಡಿಸಿಕೊಂಡಾಗ ಎಡಗಡೆಯ ಪಟ್ಟಿಯೂ ಬಲಗಡೆಯ ಪಟ್ಟಿಯೂ ಬೆನ್ನಿನ ಮಧ್ಯೆ ಕೂಡುತ್ತವೆ. ಆಗ ಸಾಲಾಗಿ ಮೂರು ವಜ್ರಾಕೃತಿಗಳು ಮೂಡುತ್ತವೆ. ಹೆಸರು ಬಂದದ್ದು ಹೀಗೆ. ಗಂಡಿನಲ್ಲಿ ಈ ಗುರುತು ಸ್ಪಷ್ಟ, ಹೆಣ್ಣಿನಲ್ಲಿ ಮಸುಕು. ಕೆಲವು ಪತಂಗಗಳಲ್ಲಿ ಅದು ಕಾಣಿಸದಷ್ಟು ತೆಳುವಾಗಿರುವುದೂ ಉಂಟು. ಕುಳಿತಾಗ ಕುಡಿಮೀಸೆಗಳು ನೇರವಾಗಿ ಮುಂದಕ್ಕೆ ಚಾಚಿಕೊಂಡಿರುತ್ತವೆ. ಹಿಂದಿನ ರೆಕ್ಕೆಗಳು ಕಿರಿದಾಗಿದ್ದು ಅವುಗಳ ಅಂಚಿನಲ್ಲಿ ಉದ್ದನೆಯ ಕೂದಲಿನ ಝಾಲರಿ ಇರುತ್ತದೆ. ಪಕ್ಕದಿಂದ ನೋಡಿದರೆ ಮಡಿಸಿದ ರೆಕ್ಕೆಯ ತುದಿ ಸ್ವಲ್ಪ ಮೇಲಕ್ಕೆ ಬಾಗಿದಂತೆ ತೋರುತ್ತದೆ.

ಪತಂಗವನ್ನು ಬೆರಳಿನಿಂದ ಹಿಡಿದರೆ ಬೆರಳಿಗೆ ಹುಡಿ ಅಂಟುತ್ತದಲ್ಲವೇ? ಅದು ಧೂಳಲ್ಲ, ಸೂಕ್ಷ್ಮವಾದ ಶಲ್ಕಗಳು, ಎಂದರೆ ಹುರುಪೆಗಳು. ಮನೆಯ ಮೇಲೆ ಹೆಂಚು ಹೊದಿಸಿದಂತೆ ಅವು ರೆಕ್ಕೆಯ ಮೇಲೆ ಸಾಲುಸಾಲಾಗಿ ಹೊದಿಸಲ್ಪಟ್ಟಿವೆ. ನಾವು ‘ವಜ್ರ’ ಎಂದು ಕರೆಯುವ ಚಿತ್ರ ಈ ಹುರುಪೆಗಳಿಂದಲೇ ಆದದ್ದು. ಹುರುಪೆ ಉದುರಿತೆಂದರೆ ವಜ್ರವೂ ಹೋಯಿತು. ಆದ್ದರಿಂದ ಹಳೆಯದಾದ, ಹಾರಿ ಹಾರಿ ರೆಕ್ಕೆ ಸವೆದ ಪತಂಗವನ್ನು ಬೆನ್ನಿನ ಗುರುತೊಂದನ್ನೇ ನಂಬಿ ಹೆಸರಿಸುವುದು ಅಪಾಯಕರ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಪತಂಗದ ಬದುಕಿನಲ್ಲಿ ನಾಲ್ಕು ಹಂತಗಳಿವೆ: ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಪತಂಗ. ಒಂದು ಹೆಣ್ಣು ನೂರೈವತ್ತರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಮೊಟ್ಟೆಗಳನ್ನು ಎಲೆಗಳ ಮೇಲೆ ಒಂದೊಂದಾಗಿ ಅಥವಾ ಸಣ್ಣ ಗುಂಪುಗಳಲ್ಲಿ ಇಡುತ್ತದೆ. ಮೊಟ್ಟೆಯಿಂದ ಹೊರಬಂದ ಮರಿ ಮೊದಲು ಎಲೆಯ ಒಳಕ್ಕೆ ಕೊರೆದು ಅಲ್ಲಿಯೇ ಮೇಯುತ್ತದೆ. ಸ್ವಲ್ಪ ಬೆಳೆದ ಮೇಲೆ ಹೊರಗೆ ಬಂದು ಎಲೆಯ ಕೆಳಭಾಗವನ್ನು ತಿನ್ನುತ್ತದೆ. ತಿನ್ನುವಾಗ ಮೇಲಿನ ತೆಳುವಾದ ಪೊರೆಯನ್ನು ಹಾಗೆಯೇ ಉಳಿಸುವುದರಿಂದ ಎಲೆಯಲ್ಲಿ ಎಣ್ಣೆಕಾಗದ ಅಂಟಿಸಿದ ಪುಟ್ಟ ಕಿಟಕಿಗಳಂಥ ಗುರುತುಗಳು ಕಾಣುತ್ತವೆ. ನಾಲ್ಕು ಹಂತಗಳಲ್ಲಿ ಬೆಳೆಯುವ ಈ ತಿಳಿಹಸಿರು ಹುಳು ಪೂರ್ತಿ ಬೆಳೆದಾಗಲೂ 10ರಿಂದ 12 ಮಿಲಿಮೀಟರ್ ಮಾತ್ರ. ದೇಹ ಎರಡೂ ತುದಿಗಳಲ್ಲಿ ಸಪೂರ. ಮುಟ್ಟಿದರೆ ಸಾಕು, ವಿಲವಿಲನೆ ಹೊರಳಾಡಿ ಎಲೆಯಿಂದ ಕೆಳಕ್ಕೆ ಬಿದ್ದು ರೇಷ್ಮೆಯ ಎಳೆಯೊಂದಕ್ಕೆ ಜೋತುಬೀಳುತ್ತದೆ. ಕೊನೆಗೆ ಎಲೆಯ ಮೇಲೆಯೇ ಬಲೆಯಂಥ ಸಡಿಲವಾದ ಗೂಡು ನೇಯ್ದು ಅದರೊಳಗೆ ಕೋಶವಾಗುತ್ತದೆ. ಬೆಚ್ಚನೆಯ ಹವೆಯಲ್ಲಿ ಇದೆಲ್ಲ ಎರಡು ಮೂರು ವಾರಗಳಲ್ಲಿ ಮುಗಿಯುತ್ತದೆ. ಆದ್ದರಿಂದ ನಮ್ಮ ನಾಡಿನಲ್ಲಿ ವರ್ಷವೊಂದಕ್ಕೆ ಹತ್ತಕ್ಕೂ ಹೆಚ್ಚು ತಲೆಮಾರುಗಳು ಆಗಿಹೋಗುತ್ತವೆ.

ಇನ್ನು ವರ್ಗೀಕರಣ. ನಿಮ್ಮ ಜೀವಶಾಸ್ತ್ರದ ಪಠ್ಯದಲ್ಲಿರುವ ಮೆಟ್ಟಿಲುಗಳನ್ನೇ ಹತ್ತೋಣ. ಈ ಪತಂಗ ಸಂಧಿಪದಿಗಳ ವಂಶಕ್ಕೆ, ಕೀಟಗಳ ವರ್ಗಕ್ಕೆ ಸೇರಿದ್ದು. ಗಣ ಲೆಪಿಡಾಪ್ಟೆರಾ. ಗ್ರೀಕ್ ಭಾಷೆಯ ಈ ಹೆಸರಿಗೆ ‘ಹುರುಪೆಯ ರೆಕ್ಕೆಯುಳ್ಳದ್ದು’ ಎಂದು ಅರ್ಥ. ಕುಟುಂಬ ಪ್ಲುಟೆಲ್ಲಿಡೇ, ಜಾತಿ ಪ್ಲುಟೆಲ್ಲಾ, ಪ್ರಭೇದ ಕ್ಸೈಲೋಸ್ಟೆಲ್ಲಾ. ಲೆಪಿಡಾಪ್ಟೆರಾ ಗಣದಲ್ಲಿ ಇಲ್ಲಿಯವರೆಗೆ ಸುಮಾರು 1,60,000 ಪ್ರಭೇದಗಳಿಗೆ ಹೆಸರಿಡಲಾಗಿದೆ. ಅವುಗಳಲ್ಲಿ ಹಗಲು ಹಾರುವ, ನಮಗೆಲ್ಲ ಪ್ರಿಯವಾದ ಚಿಟ್ಟೆಗಳು ಸುಮಾರು 18,000 ಮಾತ್ರ. ಉಳಿದವೆಲ್ಲ ಪತಂಗಗಳು. ಚಿಟ್ಟೆ ಬೇರೆ, ಪತಂಗ ಬೇರೆ ಎಂದು ನಾವು ಎರಡು ಪಾಲು ಮಾಡಿದರೂ ವಂಶವೃಕ್ಷವನ್ನು ನೋಡಿದರೆ ಚಿಟ್ಟೆಗಳು ಪತಂಗಗಳ ಮಹಾವೃಕ್ಷದಲ್ಲಿ ಒಂದು ಕೊಂಬೆ ಅಷ್ಟೇ.

ಈ ಪತಂಗದ ಹೆಸರಿನ ಹಿಂದೆ ಒಂದು ಕುತೂಹಲದ ಕಥೆಯಿದೆ. ಸ್ವೀಡನ್ ದೇಶದ ಲಿನೇಯಸ್ 1758ರಲ್ಲಿ ತನ್ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಇದಕ್ಕೆ ಹೆಸರಿಟ್ಟ. ಪ್ರಾಣಿಗಳಿಗೆ ಎರಡು ಪದಗಳ ಹೆಸರಿಡುವ ದ್ವಿನಾಮ ಪದ್ಧತಿ ಆರಂಭವಾದದ್ದು ಈ ಆವೃತ್ತಿಯಿಂದಲೇ. ಆತ ಹುರುಪೆರೆಕ್ಕೆಯ ಕೀಟಗಳನ್ನೆಲ್ಲ ಮೂರೇ ಮೂರು ಜಾತಿಗಳಾಗಿ ವಿಂಗಡಿಸಿದ್ದ. ಚಿಟ್ಟೆಗಳಿಗೆ ಪೇಪಿಲಿಯೊ, ಗಿಡುಗಪತಂಗಗಳಿಗೆ ಸ್ಫಿಂಕ್ಸ್, ಉಳಿದ ಎಲ್ಲ ಪತಂಗಗಳಿಗೆ ಫಲೀನಾ. ಫಲೀನಾದ ಒಳಗೆ ಅತಿ ಚಿಕ್ಕವನ್ನು ‘ಟಿನಿಯಾ’ ಎಂಬ ಉಪಗುಂಪಿನಲ್ಲಿ ಇಟ್ಟ. ನಮ್ಮ ಪತಂಗಕ್ಕೆ ಅಲ್ಲಿ ಸ್ಥಳ ದೊರಕಿತು. ಕ್ಸೈಲೋಸ್ಟೆಲ್ಲಾ ಎಂಬ ಹೆಸರು ಲೋನಿಸೆರಾ ಕ್ಸೈಲೋಸ್ಟಿಯಂ ಎಂಬ ಯೂರೋಪಿನ ಒಂದು ಪೊದೆಯಿಂದ ಬಂದದ್ದು. ಮರಿಹುಳು ಆ ಪೊದೆಯನ್ನು ತಿನ್ನುತ್ತದೆಂಬ ಭಾವನೆ ಅದರ ಹಿಂದಿತ್ತು. ವಾಸ್ತವವಾಗಿ ಈ ಹುಳುವಿನ ಆಹಾರ ಸಾಸಿವೆಯ ಕುಟುಂಬದ ಗಿಡಗಳು. ಆ ಪೊದೆಯನ್ನು ತಿನ್ನುವುದು ಬೇರೆಯೇ ಒಂದು ಪತಂಗ.

ಮುಂದೆ 1802ರಲ್ಲಿ ಶ್ರಾಂಕ್ ಎಂಬಾತ ಪ್ಲುಟೆಲ್ಲಾ ಎಂಬ ಜಾತಿಯನ್ನು ಸ್ಥಾಪಿಸಿದ. 1832ರಲ್ಲಿ ಇಂಗ್ಲೆಂಡಿನ ಜಾನ್ ಕರ್ಟಿಸ್ ಇದೇ ಪತಂಗಕ್ಕೆ ‘ಮ್ಯಾಕ್ಯುಲಿಪೆನ್ನಿಸ್’, ಎಂದರೆ ಮಚ್ಚೆರೆಕ್ಕೆಯದು, ಎಂಬ ಹೆಸರು ಕೊಟ್ಟ. ಇಪ್ಪತ್ತನೆಯ ಶತಮಾನದ ಅರ್ಧಕ್ಕೂ ಹೆಚ್ಚು ಕಾಲ ಕೃಷಿ ಪುಸ್ತಕಗಳಲ್ಲಿ ನಡೆದದ್ದು ಈ ಹೆಸರೇ. ನಿಮ್ಮ ಕಾಲೇಜಿನ ಗ್ರಂಥಾಲಯದ ಹಳೆಯ ಪುಸ್ತಕದಲ್ಲಿ ಪ್ಲುಟೆಲ್ಲಾ ಮ್ಯಾಕ್ಯುಲಿಪೆನ್ನಿಸ್ ಎಂದು ಕಂಡರೆ ಅದು ಬೇರೆ ಕೀಟವೆಂದು ತಿಳಿಯಬೇಡಿ. ಹೆಸರಿಡುವ ಅಂತರರಾಷ್ಟ್ರೀಯ ನಿಯಮದಂತೆ ಒಂದು ಪ್ರಾಣಿಗೆ ಎರಡು ಹೆಸರುಗಳಿದ್ದರೆ ಸಾಮಾನ್ಯವಾಗಿ ಮೊದಲು ಇಟ್ಟ ಹೆಸರೇ ನಿಲ್ಲುತ್ತದೆ. ಹೆಸರಿನ ಅರ್ಥ ತಪ್ಪಾಗಿದ್ದರೂ ಅದನ್ನು ಬದಲಾಯಿಸುವುದಿಲ್ಲ. ವೈಜ್ಞಾನಿಕ ಹೆಸರು ಜೀವಿಯ ವರ್ಣನೆಯಾಗಬೇಕಿಲ್ಲ, ಎಲ್ಲರೂ ಒಪ್ಪಿದ ಒಂದು ಗುರುತುಚೀಟಿಯಾದರೆ ಸಾಕು.

ಹೆಸರಿನ ಮಾತು ಹೀಗಾಯಿತು. ಆದರೆ ಚೀಟಿಯನ್ನು ಸರಿಯಾದ ಜೀವಿಗೇ ಅಂಟಿಸಿದ್ದೇವೆಯೇ ಎಂದು ತಿಳಿಯುವ ಬಗೆ? ಇದಕ್ಕೆ ಉತ್ತಮ ಉದಾಹರಣೆ ಆಸ್ಟ್ರೇಲಿಯಾದಲ್ಲಿ ದೊರೆಯುತ್ತದೆ.

ಆಸ್ಟ್ರೇಲಿಯಾದಲ್ಲಿ ವಜ್ರಬೆನ್ನಿನ ಪತಂಗ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಪೀಡೆಯಾಗಿದೆ. ಅಲ್ಲಿ ಹಿಡಿದ ಪತಂಗಗಳ ಬೆನ್ನಿನಲ್ಲಿ ವಜ್ರ ಕಂಡರೆ ಅದು ಕ್ಸೈಲೋಸ್ಟೆಲ್ಲಾ ಎಂದೇ ಎಲ್ಲರೂ ತಿಳಿದಿದ್ದರು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಒಂದು ಹೊಸ ವಿಧಾನವನ್ನು ಮುಂದಿಟ್ಟರು. ಪ್ರಾಣಿಯ ಜೀವಕೋಶದ ಮೈಟೋಕಾಂಡ್ರಿಯಾದಲ್ಲಿರುವ ಒಂದು ಜೀನಿನ ಸುಮಾರು 650 ‘ಅಕ್ಷರ’ಗಳ ತುಣುಕನ್ನು ಓದಿ, ಅಂಗಡಿಯ ಸಾಮಾನಿನ ಮೇಲಿನ ಗೆರೆಗುರುತಿನಂತೆ ಅದನ್ನು ಪ್ರಭೇದದ ಗುರುತಾಗಿ ಬಳಸುವುದು ಆ ವಿಧಾನ. ಇದಕ್ಕೆ ಡಿಎನ್‌ಎ ಬಾರ್‌ಕೋಡ್ ಎಂದು ಹೆಸರು. ಆಸ್ಟ್ರೇಲಿಯಾದ ಪತಂಗಗಳನ್ನು ಈ ರೀತಿ ಪರೀಕ್ಷಿಸಿದಾಗ ಅವು ಸ್ಪಷ್ಟವಾಗಿ ಎರಡು ಗುಂಪುಗಳಾಗಿ ಒಡೆದವು. ಎರಡು ಗುಂಪುಗಳ ನಡುವಿನ ವ್ಯತ್ಯಾಸ ಶೇಕಡ 8ಕ್ಕೂ ಹೆಚ್ಚು. ಒಂದೇ ಪ್ರಭೇದದ ಪತಂಗಗಳಲ್ಲಿ ಇಂಥ ವ್ಯತ್ಯಾಸ ಸಾಮಾನ್ಯವಾಗಿ ಶೇಕಡ 2ನ್ನು ದಾಟುವುದಿಲ್ಲ.

ಅಷ್ಟಕ್ಕೇ ಹೊಸ ಪ್ರಭೇದವೆಂದು ಸಾರಬಹುದೇ? ವಿಜ್ಞಾನಿಗಳು ಅವಸರ ಮಾಡಲಿಲ್ಲ. ಪತಂಗಗಳ ಜನನಾಂಗಗಳನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೊರಗಿನಿಂದ ಬೇರ್ಪಡಿಸಲಾಗದ ಈ ಎರಡು ಗುಂಪುಗಳ ಒಳರಚನೆಯಲ್ಲಿ ನಿಶ್ಚಿತವಾದ ವ್ಯತ್ಯಾಸಗಳಿದ್ದವು. ಆಗ, 2013ರಲ್ಲಿ, ಜಾನ್-ಫ್ರಾನ್ಸ್ವಾ ಲಾಂಡ್ರಿ ಮತ್ತು ಹೆಬರ್ಟ್ ಎರಡನೆಯ ಗುಂಪಿಗೆ ಪ್ಲುಟೆಲ್ಲಾ ಆಸ್ಟ್ರೇಲಿಯಾನಾ ಎಂದು ಹೆಸರಿಟ್ಟರು. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಈ ಮಾತನ್ನು ಮತ್ತಷ್ಟು ಗಟ್ಟಿ ಮಾಡಿತು. ಎರಡು ಪ್ರಭೇದಗಳನ್ನು ಪಂಜರದಲ್ಲಿ ಒಟ್ಟಿಗೆ ಇಟ್ಟರೆ ಮಿಶ್ರ ಸಂತತಿ ಹುಟ್ಟಬಲ್ಲದು. ಆದರೆ ಹೊರಗೆ ಒಂದೇ ಪ್ರದೇಶದಲ್ಲಿ ಹಿಡಿದ ಪತಂಗಗಳ ಇಡೀ ಜೀನ್‌ಸಮೂಹವನ್ನು ಹೋಲಿಸಿದಾಗ ಅವು ಬೇರೆ ಬೇರೆಯಾಗಿಯೇ ಉಳಿದಿರುವುದು ಕಂಡುಬಂತು. ‘ಕೂಡಿ ಸಂತಾನ ಪಡೆಯಬಲ್ಲವು ಒಂದೇ ಪ್ರಭೇದ’ ಎಂದು ನೀವು ಕಂಠಪಾಠ ಮಾಡಿರುವ ವ್ಯಾಖ್ಯೆ ನಿಸರ್ಗದಲ್ಲಿ ಅಷ್ಟು ಸರಳವಾಗಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಹೀಗೆ ಬೇರ್ಪಡಿಸಿದ್ದರಿಂದ ರೈತನಿಗೆ ಏನು ಲಾಭ? ಪರೀಕ್ಷಿಸಿದ ಕೀಟನಾಶಕಗಳಿಗೆ ಆಸ್ಟ್ರೇಲಿಯಾನಾ ಸುಲಭವಾಗಿ ಸಾಯುತ್ತದೆ. ಕೋಸಿನ ಬೆಳೆಯಲ್ಲಿ ಅದು ಸಿಗುವುದೂ ಅಪರೂಪ. ಹಲವು ಕೀಟನಾಶಕಗಳನ್ನು ಎದುರಿಸಿ ಬದುಕಬಲ್ಲದ್ದು ಕ್ಸೈಲೋಸ್ಟೆಲ್ಲಾ. ಬಲೆಗೆ ಬಿದ್ದ ಎಲ್ಲವನ್ನೂ ಒಂದೇ ಎಂದು ಎಣಿಸಿದರೆ ಪೀಡೆ ಎಷ್ಟಿದೆ, ಔಷಧಿ ಫಲಿಸುತ್ತದೆಯೇ ಎಂಬ ಎರಡು ಲೆಕ್ಕಗಳೂ ತಪ್ಪುತ್ತವೆ.

ಒಂದೇ ರೂಪದ ಎರಡು ಪ್ರಭೇದಗಳನ್ನು ನೋಡಿದೆವು. ಇದಕ್ಕಿಂತ ದೊಡ್ಡ ಮೋಸ ನಮ್ಮ ಹೊಲದಲ್ಲಿಯೇ ಆಗುವುದುಂಟು. ಸಾಸಿವೆ, ಮೂಲಂಗಿ, ಕೋಸಿನ ಎಲೆಗಳ ಮೇಲೆ ಕಪ್ಪು ಮಿಶ್ರಿತ ಹಸಿರು ಬಣ್ಣದ ಇನ್ನೊಂದು ಹುಳು ಇರುತ್ತದೆ. ನೋಟಕ್ಕೆ ಅದು ಪತಂಗದ ಮರಿಹುಳುವೇ ಸರಿ. ಭೂತಗನ್ನಡಿ ಹಿಡಿದು ಹೊಟ್ಟೆಯ ಕೆಳಗಿನ ಮೆತ್ತನೆಯ ಕಾಲುಗಳನ್ನು ಎಣಿಸಿ. ಪತಂಗದ ಮರಿಗೆ ಅವು ಹೆಚ್ಚೆಂದರೆ ಐದು ಜೊತೆ. ಈ ಹುಳುವಿಗೆ ಎಂಟು ಜೊತೆ. ಇದು ಸಾಸಿವೆಯ ಗರಗಸ ನೊಣದ ಮರಿ. ನೊಣ ಎಂದು ಕರೆದರೂ ಇದು ನೊಣವಲ್ಲ, ಪತಂಗವೂ ಅಲ್ಲ. ಜೇನು, ಕಣಜ, ಇರುವೆಗಳ ಗಣಕ್ಕೆ ಸೇರಿದ್ದು. ಬಿ.ಟಿ. ಎಂದು ಹೆಸರಾದ ಬ್ಯಾಕ್ಟೀರಿಯಾದ ಪುಡಿಯನ್ನು ಕೋಸಿನ ಹುಳುವಿಗೆ ಸಿಂಪಡಿಸುತ್ತಾರಲ್ಲ, ಅದರಲ್ಲಿ ಸಾಮಾನ್ಯವಾಗಿ ಬಳಸುವ ತಳಿ ಕೊಲ್ಲುವುದು ಪತಂಗ ಮತ್ತು ಚಿಟ್ಟೆಗಳ ಮರಿಗಳನ್ನು. ಗರಗಸ ನೊಣದ ಮರಿಗೆ ಅದು ತಗಲುವುದಿಲ್ಲ. ಕಾಲು ಎಣಿಸದೆ ಔಷಧಿ ಹೊಡೆದರೆ ಹಣ, ಶ್ರಮ ಎರಡೂ ನೀರಿನಲ್ಲಿ ಹೋಮ ಮಾಡಿದಂತೆ.

ವಿಚಿತ್ರವೆಂದರೆ, ಗಿಡಗಳ ವರ್ಗೀಕರಣದಲ್ಲಿ ಈ ಪತಂಗ ನಮಗಿಂತ ಜಾಣ. ಎಲೆಕೋಸು ಒಂದು ಚೆಂಡು, ಮೂಲಂಗಿ ಒಂದು ಗೆಡ್ಡೆ, ಸಾಸಿವೆ ಒಂದು ಕಾಳು. ಅಡುಗೆಮನೆಯಲ್ಲಿ ಇವುಗಳಿಗೆ ಯಾವ ನಂಟೂ ಕಾಣದು. ಸಸ್ಯಶಾಸ್ತ್ರಜ್ಞರು ನಾಲ್ಕು ದಳಗಳು ಶಿಲುಬೆಯಂತೆ ಜೋಡಿಸಿದ ಹೂವನ್ನು ನೋಡಿ ಇವನ್ನು ಒಂದೇ ಕುಟುಂಬಕ್ಕೆ ಸೇರಿಸಿದರು. ಪತಂಗ ಹೂವಿಗಾಗಿ ಕಾಯುವುದಿಲ್ಲ. ಒಗ್ಗರಣೆಯ ಸಾಸಿವೆಗೆ ಘಾಟು ಕೊಡುವ ಗಂಧಕಯುಕ್ತ ವಸ್ತುಗಳು ಈ ಗಿಡಗಳಲ್ಲೆಲ್ಲ ಇವೆ. ಬಹುಪಾಲು ಕೀಟಗಳಿಗೆ ಅವು ವಿಷ. ವಜ್ರಬೆನ್ನಿನ ಹುಳುವಿನ ಕರುಳಿನಲ್ಲಿ ಅವುಗಳನ್ನು ನಿರುಪದ್ರವಿ ಮಾಡುವ ಕಿಣ್ವವಿರುವುದು 2002ರಲ್ಲಿ ಪತ್ತೆಯಾಯಿತು. ಇತರರನ್ನು ಓಡಿಸುವ ಆ ಘಾಟು ಹೆಣ್ಣು ಪತಂಗಕ್ಕೆ ‘ಇಲ್ಲಿ ಮೊಟ್ಟೆಯಿಡು’ ಎಂಬ ಕರೆಯಾಗಿದೆ.

ಪತಂಗದ ಈ ಜಾಣತನವನ್ನೇ ಅದರ ವಿರುದ್ಧ ಬಳಸಿದವರು ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು. ಅವರು 1991ರಲ್ಲಿ ಪ್ರಕಟಿಸಿದ ವಿಧಾನದಂತೆ ಪ್ರತಿ 25 ಸಾಲು ಎಲೆಕೋಸಿಗೆ ಎರಡು ಸಾಲು ಸಾಸಿವೆ ಹಾಕಬೇಕು. ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಗಳ ಮೇಲೆ ಬಿತ್ತಬೇಕು. ಪತಂಗಗಳು ಕೋಸನ್ನು ಬಿಟ್ಟು ಸಾಸಿವೆಗೇ ಹೆಚ್ಚಾಗಿ ಮುತ್ತುತ್ತವೆ. ಅಲ್ಲಿಯೇ ಅವನ್ನು ಹತೋಟಿ ಮಾಡುವುದು ಸುಲಭ. ಜೊತೆಗೆ ಶೇಕಡ 4ರ ಬೇವಿನ ಬೀಜದ ಕಷಾಯವನ್ನು ಕೋಸಿಗೆ ಸಿಂಪಡಿಸಿದರೆ ವಿಷದ ಬಳಕೆ ಬಹಳ ಕಡಿಮೆಯಾಗುತ್ತದೆ.

ವಿಷವನ್ನು ಕಡಿಮೆ ಮಾಡುವುದು ಇಲ್ಲಿ ಅನಿವಾರ್ಯ. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಈ ಪತಂಗ ಡಿಡಿಟಿಗೆ ಜಗ್ಗದಂತಾದದ್ದು 1953ರಲ್ಲಿಯೇ ವರದಿಯಾಯಿತು. ಬಿ.ಟಿ.ಯನ್ನು ಹೊಲದಲ್ಲಿ ಜಯಿಸಿದ ಮೊದಲ ಕೀಟವೂ ಇದೇ ಎಂದು 1990ರಲ್ಲಿ ಹವಾಯಿ ದ್ವೀಪಗಳಿಂದ ತಿಳಿದುಬಂತು. ತಲೆಮಾರುಗಳು ಬೇಗಬೇಗ ಉರುಳುವ ಕೀಟದಲ್ಲಿ ವಿಷದಿಂದ ಪಾರಾದ ಕೆಲವೇ ಹುಳುಗಳ ಸಂತತಿ ಒಂದೆರಡು ವರ್ಷಗಳಲ್ಲಿ ಹೊಲವನ್ನೆಲ್ಲ ತುಂಬಬಲ್ಲದು. ವಿಷಕ್ಕೆ ಮೊದಲು ಬಲಿಯಾಗುವುದು ಹುಳುವಿನ ಶತ್ರುವಾದ ಒಂದು ಪುಟ್ಟ ಕಣಜ. ಅದು ಮರಿಹುಳುವಿನ ದೇಹದೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುತ್ತದೆ. ಆ ಕಣಜದ ಹೆಸರೂ ಬದಲಾಗಿದೆ. ಮೊದಲು ಕೊಟೇಸಿಯಾ ಪ್ಲುಟೆಲ್ಲೇ ಎನ್ನುತ್ತಿದ್ದುದನ್ನು ಈಗ ಕೊಟೇಸಿಯಾ ವೆಸ್ಟಾಲಿಸ್ ಎನ್ನುತ್ತಾರೆ. ಎರಡು ಹೆಸರೂ ಒಂದೇ ಕಣಜದ್ದೆಂದು ತಿಳಿಯದವನು ಅದರ ಮೇಲೆ ನಡೆದ ಹಳೆಯ ಸಂಶೋಧನೆಯನ್ನೆಲ್ಲ ಕಳೆದುಕೊಂಡಂತೆ.

ವಿದ್ಯಾರ್ಥಿ ಮಿತ್ರರೇ, ಇದನ್ನೆಲ್ಲ ಕೇಳಿದ ಮೇಲೆ ನೀವೂ ಒಂದು ಪ್ರಯೋಗ ಮಾಡಬಹುದು. ಔಷಧಿ ಸಿಂಪಡಿಸದ ಕೋಸು ಅಥವಾ ಸಾಸಿವೆ ಗಿಡದಲ್ಲಿ ಕಿಟಕಿಯಂಥ ಗುರುತುಗಳಿರುವ ಎಲೆಯನ್ನು ಹುಡುಕಿ. ಹುಳು ಸಮೇತ ಅದನ್ನು ಅಗಲಬಾಯಿಯ ಗಾಜಿನ ಸೀಸೆಯಲ್ಲಿಟ್ಟು ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ. ದಿನವೂ ಹೊಸ ಎಲೆ ಹಾಕಿ. ಹುಳುವಿನ ಕಾಲುಗಳನ್ನು ಎಣಿಸಿ, ಅದು ಎಂದು ಕೋಶವಾಯಿತು, ಎಂದು ಏನು ಹೊರಬಂತು ಎಂದು ದಿನಾಂಕದೊಡನೆ ಬರೆದಿಡಿ. ವಜ್ರಬೆನ್ನಿನ ಪತಂಗ ಬರಬಹುದು. ಅದರ ಬದಲು ಕಪ್ಪು ಬಣ್ಣದ ಪುಟ್ಟ ಕಣಜವೂ ಬರಬಹುದು. ಎರಡೂ ನಿಮ್ಮ ಊರಿನ ಹೊಲದ ಸ್ಥಿತಿಯನ್ನು ಹೇಳುತ್ತವೆ. ಹೆಸರಿಸಲು ಕಷ್ಟವಾದರೆ ಮಾದರಿಯನ್ನೂ ಟಿಪ್ಪಣಿಯನ್ನೂ ನಿಮ್ಮ ಉಪಾಧ್ಯಾಯರಿಗೆ ತೋರಿಸಿ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿ ಇಂಥ ಮಾದರಿಗಳ ದೊಡ್ಡ ಸಂಗ್ರಹವೇ ಇದೆ. ಎಲ್ಲಿ ಸಿಕ್ಕಿತು, ಎಂದು ಸಿಕ್ಕಿತು, ಯಾವ ಗಿಡದ ಮೇಲಿತ್ತು ಎಂಬ ಮೂರು ಮಾತುಗಳಿಲ್ಲದ ಮಾದರಿಗೆ ಅಲ್ಲಿ ಬೆಲೆ ಕಡಿಮೆ.

ರೆಕ್ಕೆಯ ಮೇಲಿನ ವಜ್ರ ನಮಗೆ ದೊರೆಯುವ ಮೊದಲನೆಯ ಸಾಕ್ಷಿ. ಕಾಲುಗಳ ಸಂಖ್ಯೆ, ತಿನ್ನುವ ಗಿಡ, ಒಳಗಿನ ಅಂಗರಚನೆ, ಜೀನಿನ ಅಕ್ಷರಗಳು ಇವೂ ಸಾಕ್ಷಿಗಳೇ. ಎಲ್ಲ ಸಾಕ್ಷಿಗಳನ್ನೂ ಕೇಳಿ ಕೊಡುವ ತೀರ್ಪೇ ವರ್ಗೀಕರಣ. ಹೊಸ ಸಾಕ್ಷಿ ಬಂದಾಗ ತೀರ್ಪನ್ನು ಮರುಪರಿಶೀಲಿಸುವುದು ವಿಜ್ಞಾನದ ಧರ್ಮ. ಅಕ್ಕಿಕಾಳಿನಷ್ಟು ಪತಂಗದ ವಿಷಯದಲ್ಲಿ ಆ ತೀರ್ಪು ಸರಿಯಾದರೆ ರೈತನ ಬೆಳೆ ಉಳಿಯುತ್ತದೆ, ನಮ್ಮ ತಟ್ಟೆಗೆ ಬರುವ ಕೋಸಿನಲ್ಲಿ ವಿಷವೂ ಕಡಿಮೆಯಾಗುತ್ತದೆ.